ಹಾಡುವ ಕೌಬಾಯ್: ಕುದುರೆಯ ಬೆನ್ನಿನಿಂದ ಗ್ರಾಮಫೋನ್ ತಟ್ಟೆಗೆ

ಕೌಬಾಯ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಅಗಲ ಅಂಚಿನ ಟೋಪಿ, ಸೊಂಟದಲ್ಲಿ ಪಿಸ್ತೂಲು, ಓಡುವ ಕುದುರೆ, ಅದರ ಹಿಂದೆ ಏಳುವ ಧೂಳು. ಆದರೆ 1930ರ ದಶಕದ ಅಮೆರಿಕದ ಶಾಲಾ ಹುಡುಗನೊಬ್ಬನನ್ನು ಈ ಪ್ರಶ್ನೆ ಕೇಳಿದ್ದರೆ ಅವನು ಪಟ್ಟಿಗೆ ಇನ್ನೊಂದು ವಸ್ತುವನ್ನು ತಪ್ಪದೆ ಸೇರಿಸುತ್ತಿದ್ದ. ಅದು ಗಿಟಾರ್. ಅವನು ಪ್ರತಿ ಶನಿವಾರ ತೆರೆಯ ಮೇಲೆ ನೋಡುತ್ತಿದ್ದ ಕೌಬಾಯ್ ದರೋಡೆಕೋರರನ್ನು ಬೆನ್ನಟ್ಟುವ ನಡುವೆಯೂ ಬಿಡುವು ಮಾಡಿಕೊಂಡು ಹಾಡುತ್ತಿದ್ದ. ಈ ನಾಯಕನಿಗೆ 'ಹಾಡುವ ಕೌಬಾಯ್' ಎಂದೇ ಹೆಸರಾಯಿತು. ಇಂದು ನಾವು ಕಂಟ್ರಿ ಸಂಗೀತ ಎಂದು ಕರೆಯುವ ಅಮೆರಿಕದ ಜನಪ್ರಿಯ ಸಂಗೀತಕ್ಕೆ ಟೋಪಿ, ಬೂಟು, ಕಸೂತಿಯ ಅಂಗಿ ಬಂದದ್ದು ಬಹುಮಟ್ಟಿಗೆ ಇವನಿಂದಲೇ.

ಹಾಗಾದರೆ ನಿಜವಾದ ದನಗಾಹಿಗಳು ಹಾಡುತ್ತಿದ್ದರೇ? ಆ ಹಾಡುಗಳನ್ನು ಕಟ್ಟಿದವರು ಯಾರು? ಅವುಗಳಿಂದ ಹೆಸರನ್ನೂ ಹಣವನ್ನೂ ಪಡೆದವರು ಯಾರು? ಮೇಲ್ನೋಟಕ್ಕೆ ಮನರಂಜನೆಯ ವಿಷಯವಾಗಿ ಕಾಣುವ ಈ ಪ್ರಶ್ನೆಗಳು ನಮ್ಮನ್ನು ಇತಿಹಾಸದ ಒಂದು ಗಂಭೀರ ಸಮಸ್ಯೆಗೆ ಒಯ್ಯುತ್ತವೆ. ದುಡಿಯುವವನ ಹಾಡು ಮಾರುಕಟ್ಟೆಗೆ ಬಂದಾಗ ದುಡಿಯುವವನು ಏನಾಗುತ್ತಾನೆ ಎಂಬುದೇ ಆ ಸಮಸ್ಯೆ. ಒಂದು ಹಾಡಿನ ಜಾಡು ಹಿಡಿದು ಅದನ್ನು ನೋಡೋಣ.

ರಾತ್ರಿ ಪಹರೆ

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಯುದ್ಧದ ವರ್ಷಗಳಲ್ಲಿ ದಕ್ಷಿಣದ ಟೆಕ್ಸಾಸ್ ರಾಜ್ಯದ ಬಯಲುಗಳಲ್ಲಿ ಉದ್ದ ಕೊಂಬಿನ ದನಗಳು ಹೇಳುವವರು ಕೇಳುವವರಿಲ್ಲದೆ ಬೆಳೆದು ಲಕ್ಷಗಟ್ಟಲೆಯಾಗಿದ್ದವು. ಟೆಕ್ಸಾಸಿನಲ್ಲಿ ಒಂದು ದನಕ್ಕೆ ನಾಲ್ಕು ಡಾಲರ್ ಹುಟ್ಟುವುದೂ ಕಷ್ಟವಾಗಿದ್ದರೆ, ಮಾಂಸಕ್ಕೆ ಬೇಡಿಕೆಯಿದ್ದ ಉತ್ತರದ ನಗರಗಳಲ್ಲಿ ಅದಕ್ಕೆ ಹತ್ತುಪಟ್ಟು ಬೆಲೆಯಿತ್ತು. ನಡುವೆ ಇದ್ದ ತೊಡಕು ದೂರದ್ದು. ರೈಲು ಇನ್ನೂ ಟೆಕ್ಸಾಸಿನ ಒಳನಾಡನ್ನು ಮುಟ್ಟಿರಲಿಲ್ಲ. 1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿ ಕ್ಯಾನ್ಸಾಸ್ ರಾಜ್ಯದ ಆಬಿಲೀನ್ ಎಂಬ ಸಣ್ಣ ಊರಿನ ರೈಲು ನಿಲ್ದಾಣದ ಬಳಿ ದೊಡ್ಡಿಗಳನ್ನು ಕಟ್ಟಿಸಿದ. ಅಲ್ಲಿಯವರೆಗೆ ದನಗಳನ್ನು ನಡೆಸಿಕೊಂಡೇ ಬರಬೇಕು. ಈ ಕೆಲಸಕ್ಕೆ ಸೇರಿದವರೇ ಕೌಬಾಯ್‌ಗಳು.

ಎರಡು ಮೂರು ಸಾವಿರ ದನಗಳ ಒಂದು ಮಂದೆ, ಅದನ್ನು ನಡೆಸಲು ಹತ್ತು ಹನ್ನೆರಡು ಸವಾರರು, ಒಬ್ಬ ಅಡುಗೆಯವನು. ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್ ದಾರಿ. ಇಂಥ ಪ್ರಯಾಣ ಎರಡು ಮೂರು ತಿಂಗಳು ನಡೆಯುತ್ತಿತ್ತು. ತಿಂಗಳ ಸಂಬಳ ಸುಮಾರು 25ರಿಂದ 40 ಡಾಲರ್. ಸವಾರರಲ್ಲಿ ಹೆಚ್ಚಿನವರು ಇಪ್ಪತ್ತು ಇಪ್ಪತ್ತೈದರ ಆಸುಪಾಸಿನ ಹುಡುಗರು. ಸಿನಿಮಾದಲ್ಲಿ ಕಾಣುವ ಪಿಸ್ತೂಲಿನ ಕಾಳಗ ಇವರ ನಿತ್ಯದ ಬದುಕಾಗಿರಲಿಲ್ಲ. ಧೂಳು, ನಿದ್ರೆಗೇಡು, ಪ್ರವಾಹದ ನದಿ ಮತ್ತು ರಾತ್ರಿ ಪಹರೆ ಇವರ ನಿತ್ಯದ ಬದುಕು.

ಹಾಡು ಹುಟ್ಟಿದ್ದು ಈ ರಾತ್ರಿ ಪಹರೆಯಲ್ಲಿ. ಮಲಗಿದ ಮಂದೆ ಗುಡುಗಿಗೆ, ಮಿಂಚಿಗೆ, ಒಮ್ಮೊಮ್ಮೆ ಕಡ್ಡಿ ಮುರಿದ ಸದ್ದಿಗೂ ಬೆದರಿ ಏಕಾಏಕಿ ಎದ್ದು ಓಡುತ್ತಿತ್ತು. ಸಾವಿರಾರು ದನಗಳು ಕತ್ತಲಲ್ಲಿ ಒಮ್ಮೆಗೇ ಓಡಿದರೆ ಅಡ್ಡ ಬಂದ ಸವಾರ ಉಳಿಯುತ್ತಿರಲಿಲ್ಲ. ಅದಕ್ಕಾಗಿ ಇಬ್ಬರು ಸವಾರರು ಮಂದೆಯ ಸುತ್ತ ಎದುರುಬದುರು ದಿಕ್ಕಿನಲ್ಲಿ ನಿಧಾನವಾಗಿ ಸುತ್ತುತ್ತ ಹಾಡುತ್ತಿದ್ದರು. ದನ ಬೆದರುವುದು ಅನಿರೀಕ್ಷಿತ ಸದ್ದಿಗೆ. ಎಡೆಬಿಡದೆ ಕೇಳುತ್ತಿರುವ ಪರಿಚಿತ ಧ್ವನಿ ಆ ಸಣ್ಣಪುಟ್ಟ ಸದ್ದುಗಳನ್ನು ಮುಚ್ಚುತ್ತದೆ. ಸವಾರ ಎಲ್ಲಿದ್ದಾನೆಂಬ ಸುಳಿವನ್ನೂ ಪ್ರಾಣಿಗಳಿಗೆ ಕೊಡುತ್ತದೆ. ಜೊತೆಗೆ ಸವಾರನಿಗೆ ನಿದ್ರೆ ಬಾರದಂತೆ ತಡೆಯುತ್ತದೆ. ಹಾಡಿನ ಗತಿಯೂ ಕುದುರೆಯ ನಡಿಗೆಯ ಗತಿಯೇ. ಚರ್ಚಿನ ಭಜನೆಯಾದರೂ ಸರಿ, ಊರಲ್ಲಿ ಕೇಳಿದ ಪ್ರೇಮಗೀತೆಯಾದರೂ ಸರಿ, ಮಾತು ಮರೆತರೆ ಬರಿಯ ಗುನುಗಾದರೂ ಸರಿ. ಆ ಹಾಡಿನ ಕೇಳುಗರು ದನಗಳು. ಗಿಟಾರನ್ನು ಕುದುರೆಯ ಮೇಲೆ ಹೊತ್ತು ತಿರುಗುವ ಅನುಕೂಲವಾಗಲಿ ಅಗತ್ಯವಾಗಲಿ ಯಾರಿಗೂ ಇರಲಿಲ್ಲ.

ಈ ಕಾಲ ಬಹಳ ದಿನ ಬಾಳಲಿಲ್ಲ. 1874ರಲ್ಲಿ ಜೋಸೆಫ್ ಗ್ಲಿಡನ್ ಎಂಬ ರೈತ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಬಯಲಿಗೆ ಬೇಲಿ ಬಿತ್ತು. ರೈಲು ದಕ್ಷಿಣಕ್ಕೂ ಬಂತು. 1886-87ರ ಭೀಕರ ಚಳಿಗಾಲದಲ್ಲಿ ಉತ್ತರದ ಬಯಲುಗಳಲ್ಲಿ ದನಗಳು ಲೆಕ್ಕವಿಲ್ಲದಷ್ಟು ಸತ್ತವು. ದೂರದ ದನಯಾತ್ರೆಗಳ ಯುಗ ಹೀಗೆ ಎರಡೇ ದಶಕಗಳಲ್ಲಿ ಮುಗಿಯಿತು. ಗ್ರಾಮಫೋನು, ರೇಡಿಯೋ, ಸಿನಿಮಾ ಎಲ್ಲವೂ ಬಂದದ್ದು ಆ ಮೇಲೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಮಾಂಟಾನಾದ ಒಂದು ಪದ್ಯ

ಉತ್ತರದ ಮಾಂಟಾನಾ ಪ್ರಾಂತ್ಯದಲ್ಲಿ ಡಿ. ಜೆ. ಓ'ಮಾಲೀ ಎಂಬ ಯುವಕ ದನದ ಹಿಂಡುಗಳ ಜೊತೆ ದುಡಿಯುತ್ತಿದ್ದ. ಬಿಡುವಿನಲ್ಲಿ ಪದ್ಯ ಬರೆಯುವ ಹವ್ಯಾಸ ಅವನಿಗಿತ್ತು. 1893ರಲ್ಲಿ ಮೈಲ್ಸ್ ಸಿಟಿ ಎಂಬ ಊರಿನ 'ಸ್ಟಾಕ್ ಗ್ರೋವರ್ಸ್ ಜರ್ನಲ್' ಪತ್ರಿಕೆಯಲ್ಲಿ ಅವನ ಒಂದು ಪದ್ಯ ಅಚ್ಚಾಯಿತು. ಕತೆ ಸರಳ. ಶರತ್ಕಾಲದಲ್ಲಿ ಕೆಲಸವೆಲ್ಲ ಮುಗಿದ ಮೇಲೆ ಮನೆಗೆ ಹೋಗಿ ತಾಯಿಯನ್ನು ನೋಡುತ್ತೇನೆ ಎಂದು ಒಬ್ಬ ದನಗಾಹಿ ಗೆಳೆಯರಿಗೆ ಹೇಳುತ್ತಾನೆ. ಅದೇ ರಾತ್ರಿ ಮಂದೆ ಬೆದರಿ ಓಡುತ್ತದೆ. ಅದನ್ನು ತಡೆಯಲು ಹೋದವನು ಕುದುರೆಯ ಕೆಳಗೆ ಸಿಕ್ಕಿ ಸಾಯುತ್ತಾನೆ. ಅವನಿಗೆ ಮನೆಗೆ ಹೋಗುವ ದಿನ ಬರುವುದೇ ಇಲ್ಲ.

ರಾತ್ರಿ ಪಹರೆ ಮಾಡಿದವನು ಬರೆದ ಪದ್ಯವಾದ್ದರಿಂದ ಅದರಲ್ಲಿ ಅಪಾಯದ ನಿಜವಾದ ಅರಿವಿತ್ತು. ಕುತೂಹಲದ ಸಂಗತಿ ಎಂದರೆ, ಅವನು ಅದಕ್ಕೆ ಆರಿಸಿಕೊಂಡದ್ದು ಆ ದಿನಗಳಲ್ಲಿ ಪಟ್ಟಣಗಳಲ್ಲೆಲ್ಲ ಮೊಳಗುತ್ತಿದ್ದ 'ಆಫ್ಟರ್ ದ ಬಾಲ್' ಎಂಬ ಜನಪ್ರಿಯ ಗೀತೆಯ ಧಾಟಿಯನ್ನು. ಜನಪದ ಹಾಡು ಎಂದರೆ ಪಟ್ಟಣದ ಗಾಳಿ ಸೋಕದ ಹಾಡು ಎಂಬ ನಮ್ಮ ಕಲ್ಪನೆ ಎಷ್ಟೋ ವೇಳೆ ನಿಜವಲ್ಲ. ಪದ್ಯ ಬಾಯಿಂದ ಬಾಯಿಗೆ ಹರಡಿತು. ಹರಡುವಾಗ ಧಾಟಿ ಬದಲಾಯಿತು, ಮಾತುಗಳೂ ಅಲ್ಲಲ್ಲಿ ಬದಲಾದವು. ಬರೆದವನ ಹೆಸರು ಮಾತ್ರ ದಾರಿಯಲ್ಲಿ ಉದುರಿಹೋಯಿತು.

ಹಾಡು ಹುಡುಕಿದವರು

ಮಾಯವಾಗುತ್ತಿದ್ದ ಈ ಹಾಡುಗಳನ್ನು ಸಂಗ್ರಹಿಸಿದವರಲ್ಲಿ ಇಬ್ಬರು ಮುಖ್ಯರು. ಮೊದಲನೆಯವನು ಜ್ಯಾಕ್ ಥಾರ್ಪ್. ಕುದುರೆಯ ಮೇಲೆ ಊರೂರು ಸುತ್ತಿ, ದನಗಾಹಿಗಳ ಬಿಡಾರಗಳಲ್ಲಿ ಹಾಡು ಕೇಳಿ ಬರೆದುಕೊಂಡ ಅವನು 1908ರಲ್ಲಿ ನ್ಯೂ ಮೆಕ್ಸಿಕೋದ ಎಸ್ಟಾನ್ಸಿಯಾ ಎಂಬ ಸಣ್ಣ ಊರಿನಲ್ಲಿ ಒಂದು ತೆಳ್ಳನೆಯ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. ಎರಡನೆಯವರು ಟೆಕ್ಸಾಸಿನ ಅಧ್ಯಾಪಕ ಜಾನ್ ಲೋಮ್ಯಾಕ್ಸ್. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರ ಬೆಂಬಲ ಪಡೆದು ಅವರು ಪತ್ರಿಕೆಗಳಿಗೆ ಬರೆದು ಹಾಡು ಬೇಡಿದರು. ಎಡಿಸನ್ ಯಂತ್ರವನ್ನು ಹೊತ್ತು ಮೇಣದ ಉರುಳೆಗಳ ಮೇಲೆ ಧ್ವನಿ ಹಿಡಿದರು. 1910ರಲ್ಲಿ ಅವರ ದೊಡ್ಡ ಸಂಗ್ರಹ ಪ್ರಕಟವಾಯಿತು. ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರ ಪತ್ರವೇ ಅದಕ್ಕೆ ಮುನ್ನುಡಿಯಂತಿತ್ತು.

ಓ'ಮಾಲೀಯ ಪದ್ಯ ಈ ಸಂಗ್ರಹದಲ್ಲಿತ್ತು. ಆದರೆ ಅವನ ಹೆಸರಿರಲಿಲ್ಲ. ಅವನದೇ ಇನ್ನೊಂದು ಪದ್ಯವೂ ಅದರಲ್ಲಿತ್ತು. ಅದನ್ನು ಲೋಮ್ಯಾಕ್ಸರ ಪುಸ್ತಕದಿಂದ ಎತ್ತಿಕೊಂಡು ಚಾರ್ಲ್ಸ್ ಐವ್ಸ್ ಎಂಬ ಪ್ರಸಿದ್ಧ ಸಂಗೀತ ರಚನಕಾರ 1922ರಲ್ಲಿ ಪ್ರಕಟಿಸಿದ ತನ್ನ ಗೀತಸಂಪುಟಕ್ಕೆ ಸೇರಿಸಿದ. ಬದುಕಿದ್ದ ಕವಿಯೊಬ್ಬನ ಮಾತು 'ಯಾರದೂ ಅಲ್ಲದ್ದು' ಆಗಿ ಹೀಗೆ ಸಂಗೀತ ಸಭೆಗೂ ಹೋಯಿತು. ಸಂಗ್ರಾಹಕರು ಹಾಡನ್ನು ಉಳಿಸಿದರು, ಇದು ನಿಜ. ಹಾಡಿಗೆ ಕರ್ತೃವಿಲ್ಲ ಎಂಬ ನಂಬಿಕೆಯನ್ನು ಬೆಳೆಸಿದವರೂ ಅವರೇ, ಇದೂ ನಿಜ.

1925ರ ತಟ್ಟೆ

ಹಾಡು ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಟೆಕ್ಸಾಸಿನ ಕಾರ್ಲ್ ಸ್ಪ್ರೇಗ್ 1895ರಲ್ಲಿ ಹುಟ್ಟಿದವನು. ದನ ಸಾಕುವ ಮನೆತನದಲ್ಲಿ ಬೆಳೆದು, ಚಿಕ್ಕಂದಿನಲ್ಲಿ ಹಿರಿಯರಿಂದ ಈ ಹಾಡುಗಳನ್ನು ಕಲಿತಿದ್ದ. ಆಗ ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಕೆಲಸದಲ್ಲಿದ್ದ. ವರ್ನನ್ ಡಾಲ್‌ಹಾರ್ಟ್ ಎಂಬ ಗಾಯಕನ ಹಳ್ಳಿ ಶೈಲಿಯ ಹಾಡುಗಳು ಭಾರಿ ಸಂಖ್ಯೆಯಲ್ಲಿ ಮಾರಾಟವಾದುದನ್ನು ಕಂಡು ತಾನೇ ವಿಕ್ಟರ್ ಕಂಪನಿಗೆ ಪತ್ರ ಬರೆದ. ಕಂಪನಿ ಅವನನ್ನು ನ್ಯೂ ಜರ್ಸಿಯ ಕ್ಯಾಮ್ಡೆನ್‌ಗೆ ಕರೆಸಿಕೊಂಡಿತು. ಅಲ್ಲಿ ಆಗಸ್ಟ್ ತಿಂಗಳಲ್ಲಿ ಅವನು ಹಾಡಿದ ಹಾಡುಗಳಲ್ಲಿ ಒಂದು 'ವೆನ್ ದ ವರ್ಕ್ಸ್ ಆಲ್ ಡನ್ ದಿಸ್ ಫಾಲ್', ಅಂದರೆ ಓ'ಮಾಲೀಯ ಪದ್ಯದ ಬದಲಾದ ರೂಪ. ಅದರ ಒಂಬತ್ತು ಲಕ್ಷ ತಟ್ಟೆಗಳು ಮಾರಾಟವಾದವು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮೊದಲ ಹಾಡುವ ಕೌಬಾಯ್ ಎಂಬ ಹೆಸರು ಸ್ಪ್ರೇಗನಿಗೆ ಬಂದದ್ದು ಇದರಿಂದಲೇ.

ಅದೇ 1925ರಲ್ಲಿ ಧ್ವನಿಮುದ್ರಣದ ವಿಧಾನವೂ ಬದಲಾಯಿತು ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಅದಕ್ಕೆ ಮುಂಚೆ ಗಾಯಕ ದೊಡ್ಡ ಕಹಳೆಯ ಬಾಯಿಗೆ ಎದುರಾಗಿ ನಿಂತು ಗಟ್ಟಿಯಾಗಿ ಹಾಡಬೇಕಾಗಿತ್ತು. ಗಾಳಿಯ ಆ ಕಂಪನವೇ ತೆಳು ಪೊರೆಯೊಂದನ್ನು ಅಲುಗಿಸಿ, ಅದಕ್ಕೆ ಜೋಡಿಸಿದ ಸೂಜಿಯಿಂದ ಮೇಣದ ಮೇಲೆ ಗೀರು ಮೂಡಿಸುತ್ತಿತ್ತು. ಶಕ್ತಿಯೆಲ್ಲ ಗಂಟಲಿನಿಂದಲೇ ಬರಬೇಕು. ಮೈಕ್ರೊಫೋನು ಮತ್ತು ವರ್ಧಕ ಬಂದ ಮೇಲೆ ಧ್ವನಿಯನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ಹಿಗ್ಗಿಸಬಹುದಾಯಿತು. ಪಿಸುಮಾತೂ ತಟ್ಟೆಯ ಮೇಲೆ ನಿಂತಿತು. ಕಿವಿಯ ಬಳಿ ಕೂತು ಹಾಡಿದಂಥ ಮೆದು ದನಿಗೆ ಬೆಲೆ ಬಂತು. ಒಂಟಿ ಸವಾರನೊಬ್ಬ ರಾತ್ರಿ ಮೆಲ್ಲನೆ ಹಾಡುವಂತೆ ಕೇಳಿಸುವ ಹಾಡಿಗೆ ಇದಕ್ಕಿಂತ ಹೊಂದುವ ಯಂತ್ರ ಬೇರೆ ಇರಲಿಲ್ಲ.

ಸ್ಪ್ರೇಗ್ ಮಾತ್ರ ಸಂಗೀತವನ್ನೇ ವೃತ್ತಿ ಮಾಡಿಕೊಳ್ಳಲಿಲ್ಲ. 1929ರವರೆಗೆ ಆಗಾಗ ಧ್ವನಿಮುದ್ರಣ ಮಾಡಿ, ಆ ಮೇಲೆ ಬೇರೆ ಬೇರೆ ಉದ್ಯೋಗಗಳಲ್ಲಿ ಬಾಳಿದ. 1979ರಲ್ಲಿ ತೀರಿಕೊಂಡ.

ಟೆಲಿಗ್ರಾಫ್ ಕಚೇರಿಯಿಂದ ಬೆಳ್ಳಿತೆರೆಗೆ

ಸ್ಪ್ರೇಗ್ ತೆರೆದ ದಾರಿಯಲ್ಲಿ ಬಹುದೂರ ಹೋದವನು ಜೀನ್ ಆಟ್ರಿ. 1907ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿದ ಇವನು ಒಕ್ಲಹೋಮ ರಾಜ್ಯದಲ್ಲಿ ರೈಲ್ವೆ ಟೆಲಿಗ್ರಾಫ್ ನೌಕರನಾಗಿದ್ದ. ರಾತ್ರಿ ಪಾಳಿಯಲ್ಲಿ ಬೇಸರ ಕಳೆಯಲು ಗಿಟಾರ್ ಹಿಡಿದು ಹಾಡುತ್ತಿದ್ದ. 1929ರಲ್ಲಿ ಅವನ ಮೊದಲ ತಟ್ಟೆಗಳು ಹೊರಬಂದವು. ಆಗ ಅವನು ಅನುಸರಿಸುತ್ತಿದ್ದುದು ಮಿಸಿಸಿಪ್ಪಿಯ ಜಿಮ್ಮಿ ರಾಜರ್ಸ್‌ನನ್ನು. ರೈಲ್ವೆಯಲ್ಲಿ ದುಡಿದಿದ್ದ ರಾಜರ್ಸ್, ದನಿಯನ್ನು ಥಟ್ಟನೆ ಮೇಲಿನ ಸ್ವರಕ್ಕೆ ಹಾರಿಸಿ ಇಳಿಸುವ 'ಯೋಡಲ್' ಗಾಯನಕ್ಕೆ ಹೆಸರಾಗಿದ್ದ. 1931ರಲ್ಲಿ ಆಟ್ರಿಗೆ ದೊಡ್ಡ ಹೆಸರು ತಂದ ಹಾಡು ದನಗಾಹಿಯದಲ್ಲ. ಅದು ತಲೆ ನರೆತ ತಂದೆಯನ್ನು ನೆನೆದು ಕೊರಗುವ ಮಗನ ಹಾಡು. ಅದನ್ನು ಅವನ ಜೊತೆಗೂಡಿ ಬರೆದ ಜಿಮ್ಮಿ ಲಾಂಗ್ ಕೂಡ ರೈಲ್ವೆಯವನೇ.

ಆಟ್ರಿ ಶಿಕಾಗೋದ ಡಬ್ಲ್ಯುಎಲ್‌ಎಸ್ ರೇಡಿಯೋ ಕೇಂದ್ರಕ್ಕೆ ಬಂದಾಗ ಅವನಿಗೆ ಕೌಬಾಯ್ ವೇಷ ಸಿಕ್ಕಿತು. ಅದಕ್ಕೆ ಕಾರಣವಿಲ್ಲದಿಲ್ಲ. ಆ ಕಾಲದಲ್ಲಿ ಹಳ್ಳಿಗಾಡಿನ ಸಂಗೀತಗಾರರನ್ನು 'ಹಿಲ್‌ಬಿಲಿ' ಎಂದು ಕರೆಯುತ್ತಿದ್ದರು. ಗುಡ್ಡಗಾಡಿನ ಗಮಾರ ಎಂಬ ತಿರಸ್ಕಾರ ಆ ಮಾತಿನಲ್ಲಿತ್ತು. ಕೌಬಾಯ್ ಕೂಡ ಹಳ್ಳಿಗನೇ, ಆದರೆ ಸ್ವತಂತ್ರ, ಧೀರ, ಯಾರಿಗೂ ತಲೆಬಾಗದವನು. ಟೋಪಿ ಬದಲಾಯಿಸಿದೊಡನೆ ಗಾಯಕನ ಮಾನವೂ ಏರಿತು. 1949ರಲ್ಲಿ 'ಬಿಲ್‌ಬೋರ್ಡ್' ಪತ್ರಿಕೆ ಈ ಸಂಗೀತದ ಜನಪ್ರಿಯತೆಯ ಪಟ್ಟಿಗೆ 'ಕಂಟ್ರಿ ಅಂಡ್ ವೆಸ್ಟರ್ನ್' ಎಂಬ ಹೆಸರು ಕೊಟ್ಟಾಗ ಈ ಬದಲಾವಣೆ ಗಟ್ಟಿಯಾಯಿತು.

ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ, 1929ರಲ್ಲೇ, ಕೆನ್ ಮೇನಾರ್ಡ್ ಎಂಬ ನಟ ಕೌಬಾಯ್ ಚಿತ್ರದಲ್ಲಿ ಹಾಡಿದ್ದ. 1934ರಲ್ಲಿ ಅವನದೇ ಚಿತ್ರವೊಂದರಲ್ಲಿ ಆಟ್ರಿಗೆ ಸಣ್ಣ ಅವಕಾಶ ಸಿಕ್ಕಿತು. ಮರುವರ್ಷ 'ಟಂಬ್ಲಿಂಗ್ ಟಂಬಲ್‌ವೀಡ್ಸ್' ಚಿತ್ರದಲ್ಲಿ ಅವನೇ ನಾಯಕ. ಆ ಮೇಲೆ 1953ರವರೆಗೆ ತೊಂಬತ್ತಕ್ಕೂ ಹೆಚ್ಚು ಚಿತ್ರಗಳು, 1940ರಿಂದ 1956ರವರೆಗೆ ರೇಡಿಯೋ ಕಾರ್ಯಕ್ರಮ, ನಡುವೆ ಯುದ್ಧಕಾಲದ ಸೇನಾಸೇವೆ, 1950ರಿಂದ ದೂರದರ್ಶನದ ಧಾರಾವಾಹಿ. ಚಿತ್ರಗಳ ಹಾಡುಗಳನ್ನು ಸಾಮಾನ್ಯವಾಗಿ ಸ್ಟುಡಿಯೋದಲ್ಲಿ ಮೊದಲೇ ಮುದ್ರಿಸಿಕೊಂಡು, ಬಯಲಿನಲ್ಲಿ ತುಟಿ ಆಡಿಸಿ ಚಿತ್ರೀಕರಿಸುತ್ತಿದ್ದರು. ಸವಾರ ಒಬ್ಬನೇ ಮರುಭೂಮಿಯಲ್ಲಿರುತ್ತಾನೆ, ಪಿಟೀಲು ಅಕಾರ್ಡಿಯನ್‌ಗಳು ಎಲ್ಲಿಂದಲೋ ಕೇಳಿಬರುತ್ತವೆ. ದೃಶ್ಯ ಮಾಧ್ಯಮದಲ್ಲಿ ದುಡಿಯುವ ನಮಗೆ ಈ ಕೈಚಳಕ ಹೊಸದಲ್ಲ.

ಇನ್ನು ಈ ಹಾಡುಗಳ ವಸ್ತು. ಹಳೆಯ ದನಗಾಹಿಯ ಹಾಡಿನಲ್ಲಿ ಸಾವು, ಸಂಬಳ ಕೊಡದ ಯಜಮಾನ, ಕೆಟ್ಟ ಊಟ, ಮುಳುಗಿಸುವ ನದಿ ಇದ್ದವು. ಆಟ್ರಿಯ ಹಾಡುಗಳಲ್ಲಿ ಬೆಳದಿಂಗಳು, ಕುದುರೆಯ ಗೆಳೆತನ, ಮನೆಯ ಹಂಬಲ, ಗೆಲ್ಲುವ ಪ್ರೀತಿ. ಕೆಲಸ ಮಾತ್ರ ಅಲ್ಲಿಲ್ಲ. 1930ರ ದಶಕ ಆರ್ಥಿಕ ಮಹಾಕುಸಿತದ ಕಾಲ. ಕೆಲಸ ಕಳೆದುಕೊಂಡ, ಹೊಲ ಕಳೆದುಕೊಂಡ ಜನರಿಗೆ ಯಾರ ಹಂಗೂ ಇಲ್ಲದೆ ಬಯಲಿನಲ್ಲಿ ಹಾಡಿಕೊಂಡಿರುವ ಮನುಷ್ಯ ದೊಡ್ಡ ಸಮಾಧಾನವಾಗಿದ್ದ. ಅದನ್ನು ನಾವು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಆ ಸಮಾಧಾನ ಇತಿಹಾಸವಲ್ಲ ಎಂಬುದನ್ನೂ ತಿಳಿದಿರಬೇಕು. 'ಟಂಬ್ಲಿಂಗ್ ಟಂಬಲ್‌ವೀಡ್ಸ್' ಗೀತೆಯನ್ನು ರಚಿಸಿದ ಬಾಬ್ ನೋಲನ್ ಹುಟ್ಟಿದ್ದು ಕೆನಡಾದಲ್ಲಿ. ಆಟ್ರಿಯ ನಂತರ ತೆರೆಯನ್ನಾಳಿದ ರಾಯ್ ರಾಜರ್ಸ್ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರದಲ್ಲಿ ಹುಟ್ಟಿದವನು, ಅವನ ನಿಜ ಹೆಸರು ಲೆನರ್ಡ್ ಸ್ಲೈ.

ನ್ಯಾಯಾಲಯಕ್ಕೆ ಹೋದ ಹಾಡು

ಹಾಡು ಹಣ ತರತೊಡಗಿದ ಮೇಲೆ ಅದು ಯಾರದು ಎಂಬ ಪ್ರಶ್ನೆ ಬರಲೇಬೇಕು. 'ಹೋಮ್ ಆನ್ ದ ರೇಂಜ್' ಎಂಬ ಹಾಡು ಲೋಮ್ಯಾಕ್ಸರ 1910ರ ಸಂಗ್ರಹದಲ್ಲಿತ್ತು. ಅವರು ಅದನ್ನು ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಕಪ್ಪು ಜನಾಂಗದ ಒಬ್ಬ ಮದ್ಯದಂಗಡಿಯವನ ಬಾಯಿಂದ ಮೇಣದ ಉರುಳೆಗೆ ಇಳಿಸಿಕೊಂಡಿದ್ದರು. ಅವನು ಹಿಂದೆ ದನಯಾತ್ರೆಗಳಲ್ಲಿ ಅಡುಗೆ ಮಾಡಿದವನು. 1930ರ ದಶಕದ ಆರಂಭದಲ್ಲಿ ರೇಡಿಯೋದಿಂದಾಗಿ ಈ ಹಾಡು ದೇಶವನ್ನೆಲ್ಲ ಆವರಿಸಿತು. 1934ರಲ್ಲಿ ಅರಿಜೋನಾದ ದಂಪತಿಗಳು ಇದು ತಾವು 1905ರಲ್ಲಿ ಹಕ್ಕುಸ್ವಾಮ್ಯ ಪಡೆದ ಹಾಡು ಎಂದು ಐದು ಲಕ್ಷ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದರು. ರೇಡಿಯೋ ಕೇಂದ್ರಗಳು ಹಾಡನ್ನು ನಿಲ್ಲಿಸಬೇಕಾಯಿತು.

ಪ್ರತಿವಾದಿಗಳ ಪರವಾಗಿ ಸ್ಯಾಮ್ಯುಯೆಲ್ ಮೋನ್‌ಫೆಲ್ಟ್ ಎಂಬ ವಕೀಲ ಹಾಡಿನ ಮೂಲ ಹುಡುಕುತ್ತ ಪಶ್ಚಿಮದ ಊರುಗಳನ್ನು ಸುತ್ತಿದ. ಹಳೆಯ ದನಗಾಹಿಗಳನ್ನು ಕಂಡ, ಹಳೆಯ ಪತ್ರಿಕೆಗಳನ್ನು ತಿರುವಿಹಾಕಿದ. ಜಾಡು ಕೊನೆಗೆ ಕ್ಯಾನ್ಸಾಸಿನ ಸ್ಮಿತ್ ಕೌಂಟಿಗೆ ಮುಟ್ಟಿತು. 1870ರ ದಶಕದ ಮೊದಲಲ್ಲಿ ಬ್ರೂಸ್ಟರ್ ಹಿಗ್ಲೀ ಎಂಬ ವೈದ್ಯ ಹಳ್ಳದ ಬದಿಯ ತನ್ನ ಗುಡಿಸಲಿನಲ್ಲಿ ಆ ಪದ್ಯ ಬರೆದಿದ್ದ. ಡ್ಯಾನ್ ಕೆಲ್ಲಿ ಎಂಬ ಬಡಗಿ ಅದಕ್ಕೆ ಧಾಟಿ ಕಟ್ಟಿದ್ದ. ಸ್ಥಳೀಯ ಪತ್ರಿಕೆಯಲ್ಲಿ ಅದು ಆಗಲೇ ಅಚ್ಚಾಗಿತ್ತು. ದಾವೆ ಬಿದ್ದುಹೋಯಿತು. 1947ರಲ್ಲಿ ಅದು ಕ್ಯಾನ್ಸಾಸಿನ ರಾಜ್ಯಗೀತೆಯಾಯಿತು. ಸೋಜಿಗವೆಂದರೆ, ಹಿಗ್ಲೀಯ ಮೂಲ ಪದ್ಯದಲ್ಲಿ 'ರೇಂಜ್', ಅಂದರೆ ದನ ಮೇಯುವ ಬಯಲು, ಎಂಬ ಮಾತೇ ಇರಲಿಲ್ಲ. ವೈದ್ಯನ ಪದ್ಯವನ್ನು ದನಗಾಹಿಯ ಹಾಡಾಗಿ ಮಾಡಿದವರು ಅದನ್ನು ಹಾಡುತ್ತ ನಡೆದ ಹೆಸರಿಲ್ಲದ ಜನ.

ತೆರೆಯ ಹೊರಗೆ ಉಳಿದವರು

ಆ ಹೆಸರಿಲ್ಲದ ಜನರಲ್ಲಿ ಯಾರು ಯಾರಿದ್ದರು? ದನಗಾಹಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬ ಕಪ್ಪು ಜನಾಂಗದವನಾಗಿದ್ದ ಎಂಬುದು ಇತಿಹಾಸಕಾರರ ಒಂದು ಅಂದಾಜು. ಕುದುರೆಯ ಮೇಲೆ ಕುಳಿತು ದನ ಮೇಯಿಸುವ ವಿದ್ಯೆಯನ್ನು ಟೆಕ್ಸಾಸಿಗೆ ಕಲಿಸಿದವರೇ ಮೆಕ್ಸಿಕೋದ ವಕೇರೋಗಳು. ಲಾಸೋ, ರಾಂಚ್, ರೋಡಿಯೋ ಎಂಬ ಮಾತುಗಳೆಲ್ಲ ಅವರ ಸ್ಪ್ಯಾನಿಷ್ ಭಾಷೆಯಿಂದ ಬಂದವು. ಆದರೆ ತೆರೆಯ ಮೇಲಿನ ಹಾಡುವ ಕೌಬಾಯ್ ಬಿಳಿಯನೇ ಆಗಿದ್ದ. 1937ರಲ್ಲಿ 'ಹಾರ್ಲೆಮ್ ಆನ್ ದ ಪ್ರೇರಿ' ಎಂಬ ಚಿತ್ರದಲ್ಲಿ ಹರ್ಬ್ ಜೆಫ್ರೀಸ್ ಕಪ್ಪು ಜನಾಂಗದ ಹಾಡುವ ಕೌಬಾಯ್ ಆಗಿ ಬಂದ. ಆದರೆ ಅವನ ಚಿತ್ರಗಳು ಬಹುಪಾಲು ಕಪ್ಪು ಪ್ರೇಕ್ಷಕರಿಗಾಗಿಯೇ ಇದ್ದ ಚಿತ್ರಮಂದಿರಗಳಿಗೆ ಸೀಮಿತವಾದವು. ಹೆಣ್ಣುಮಕ್ಕಳಿಗೆ ಈ ಲೋಕದಲ್ಲಿ ಜಾಗ ಮಾಡಿಕೊಟ್ಟದ್ದು ಪ್ಯಾಟ್ಸಿ ಮೊಂಟಾನಾ. 1935ರಲ್ಲಿ ಅವಳು ಮುದ್ರಿಸಿದ ಹಾಡಿನ ನಾಯಕಿ ಕೌಬಾಯ್‌ನ ಪ್ರಿಯತಮೆಯಾಗಬೇಕೆನ್ನುತ್ತಾಳೆ, ಆದರೆ ಮನೆಯಲ್ಲಿ ಕಾದು ಕೂರುವುದಿಲ್ಲ. ಅವನ ಪಕ್ಕದಲ್ಲೇ ಕುದುರೆ ಏರುತ್ತಾಳೆ.

ಕೊನೆಗೆ ಓ'ಮಾಲೀಯ ಸಂಗತಿ. ಅವನನ್ನು ಬೆಳಕಿಗೆ ತಂದವನೂ ಒಬ್ಬ ಹಾಡುವ ಕೌಬಾಯ್. ವಾಷಿಂಗ್ಟನ್ ನಗರದಲ್ಲಿ ಬೆಳೆದ ಜಾನ್ ವೈಟ್ 1930ರ ದಶಕದಲ್ಲಿ ರೇಡಿಯೋದಲ್ಲಿ 'ಒಂಟಿ ಕೌಬಾಯ್' ಎಂಬ ಹೆಸರಿನಿಂದ ಹಾಡುತ್ತಿದ್ದ. ತಾನು ದನ ಕಾದವನಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಾನು ಹಾಡುವ ಹಾಡುಗಳನ್ನು ನಿಜವಾಗಿ ಬರೆದವರು ಯಾರು ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಹಳೆಯ ಪತ್ರಿಕೆಗಳನ್ನು ಹುಡುಕಿ, ಪತ್ರ ಬರೆದು, ಮಾಂಟಾನಾ ಬಿಟ್ಟು ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿದ್ದ ಓ'ಮಾಲೀಯನ್ನು ಪತ್ತೆಮಾಡಿದ. 1893ರ ಪತ್ರಿಕೆ ಸಾಕ್ಷಿಯಾಗಿ ನಿಂತಿತು. ಓ'ಮಾಲೀ 1943ರಲ್ಲಿ ತೀರಿಕೊಂಡ. ವೈಟ್ 1975ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಅವನ ಕತೆಯನ್ನೂ ಇಂಥ ಇನ್ನೂ ಹಲವು ಹಾಡುಗಾರರ ಕತೆಯನ್ನೂ ಬರೆದ.

ಜೀನ್ ಆಟ್ರಿ 1998ರಲ್ಲಿ ತನ್ನ 91ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವನು ಅಮೆರಿಕದ ಶ್ರೀಮಂತರಲ್ಲಿ ಒಬ್ಬನಾಗಿದ್ದ. ಅವನ ಪ್ರತಿಭೆಯಾಗಲಿ ಪರಿಶ್ರಮವಾಗಲಿ ಸುಳ್ಳಲ್ಲ. ಆದರೆ ಆ ವೈಭವದ ಬುಡದಲ್ಲಿ ತಿಂಗಳಿಗೆ ಮೂವತ್ತು ನಲವತ್ತು ಡಾಲರಿಗೆ ರಾತ್ರಿಯೆಲ್ಲ ದನ ಸುತ್ತುತ್ತಿದ್ದ ಹುಡುಗರಿದ್ದಾರೆ. ಇತಿಹಾಸ ಓದುವವರು ಜನಪ್ರಿಯವಾದ ಯಾವ ಹಾಡು ಕೇಳಿದಾಗಲೂ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಇದನ್ನು ಕಟ್ಟಿದವರು ಯಾರು? ಯಾವ ಕೆಲಸದ ನಡುವೆ ಹಾಡಿದರು? ಹಿಡಿದಿಟ್ಟವರು ಯಾರು? ಹಣ ಯಾರಿಗೆ ಹೋಯಿತು? ಜಾನ್ ವೈಟ್ ಕೇಳಿದ್ದು ಇವುಗಳನ್ನೇ. ಅವನು ಕೇಳಿದ್ದರಿಂದ ಒಬ್ಬ ದನಗಾಹಿಗೆ ತನ್ನ ಹೆಸರು ಮರಳಿ ಸಿಕ್ಕಿತು.